ಗಾಮಾ ಕಿರಣಗಳ ಆಕಾಶಕ್ಕೆ ಮುಂದಿನ ಕಾವಲು

ಹೈದರಾಬಾದಿನಿಂದ ಹೊರಟ ರೈಲು ತಾಂಡೂರನ್ನು ಹಿಂದೆ ಹಾಕಿ, ಸೇಡಂ, ಮಳಖೇಡ, ಚಿತ್ತಾಪುರಗಳನ್ನು ಒಂದೊಂದಾಗಿ ಮುಟ್ಟಿ, ವಾಡಿಯ ಜಂಕ್ಷನ್ನಿನಲ್ಲಿ ಮುಖ್ಯ ಮಾರ್ಗದ ಹಳಿಗಳನ್ನು ಕೂಡಿಕೊಂಡು ಶಹಾಬಾದದ ಕಡೆಗೆ ಸಾಗುವುದನ್ನು ಈ ಸೀಮೆಯಲ್ಲಿ ಅರಿಯದವರಿಲ್ಲ; ಆದರೆ ಹೆಚ್ಚುಕಡಿಮೆ ಅದೇ ದಿಕ್ಕಿನಲ್ಲಿ, ನೆಲದಿಂದ ಮೂವತ್ತು ನಲವತ್ತು ಕಿಲೋಮೀಟರ್ ಎತ್ತರದಲ್ಲಿ, ಅರ್ಧ ಶತಮಾನಕ್ಕೂ ಮೀರಿದ ಕಾಲದಿಂದ ಇನ್ನೊಂದು ಬಗೆಯ ಸಂಚಾರವೂ ನಡೆದುಬಂದಿದೆಯೆಂಬುದನ್ನು ಅರಿತವರು ವಿರಳ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು ಹೈದರಾಬಾದಿನಲ್ಲಿ ನಡೆಸುತ್ತಿರುವ ಬಲೂನು ಕೇಂದ್ರದಿಂದ, ಐವತ್ತರಿಂದ ಎಂಬತ್ತೈದು ಮೀಟರ್ ವ್ಯಾಸಕ್ಕೆ ಉಬ್ಬಬಲ್ಲ, ಅತಿ ತೆಳುವಾದ ಪಾಲಿಥೀನ್ ಹಾಳೆಯಿಂದ ರಚಿತವಾದ, ಜಲಜನಕವನ್ನು ತುಂಬಿದ ಬಲೂನುಗಳು ರಾತ್ರಿಯ ವೇಳೆಯಲ್ಲಿಯೋ ನಸುಕಿನಲ್ಲಿಯೋ ಮೇಲೇರುತ್ತವೆ. ಋತುವಿಗೆ ತಕ್ಕಂತೆ ಮೇಲಣ ಗಾಳಿಯು ಅವನ್ನು ಪೂರ್ವಕ್ಕೋ ಪಶ್ಚಿಮಕ್ಕೋ ನೂಕುತ್ತದೆ. ಕೆಲವು ಗಂಟೆಗಳ ಕೆಲಸ ಮುಗಿದ ತರುವಾಯ ಉಪಕರಣಗಳ ಪೆಟ್ಟಿಗೆಯು ಬಲೂನಿನಿಂದ ಕಳಚಿ, ಬಣ್ಣದ ಪ್ಯಾರಾಶೂಟಿನಲ್ಲಿ ತೂಗಾಡುತ್ತ, ವಿಶಾಖಪಟ್ಟಣ, ಹೈದರಾಬಾದು, ಸೊಲ್ಲಾಪುರಗಳನ್ನು ಕೂಡಿಸುವ ರೇಖೆಯ ಆಸುಪಾಸಿನಲ್ಲಿ ಎಲ್ಲಿಯಾದರೂ ಇಳಿಯುತ್ತದೆ. ಆ ರೇಖೆಯ ಪಶ್ಚಿಮಾರ್ಧದ ನೆರಳು ಬೀಳುವುದು ಸೇಡಂ ತಾಲ್ಲೂಕಿನ ಆಡಕಿಯ ಹೊಲಗಳ ಮೇಲೆ, ಚಿಂಚೋಳಿಯ ಅಡವಿಯ ಮೇಲೆ, ಕಾಗಿಣಾ ನದಿಯ ಕಣಿವೆಯ ಮೇಲೆ.

ಹೀಗೆ ಇಳಿದ ಪೆಟ್ಟಿಗೆಯೊಂದು ತೊಗರಿಯ ಸಾಲುಗಳ ನಡುವೆ ಬಿದ್ದಿರುವುದನ್ನು ಕಂಡ ರೈತನಿಗಾಗಿಯೇ ಸಂಸ್ಥೆಯು ಪ್ರತಿ ಹಂಗಾಮಿನಲ್ಲಿಯೂ ಒಂದು ಪ್ರಕಟಣೆಯನ್ನು ಹೊರಡಿಸುವ ಪದ್ಧತಿಯುಂಟು: ಇದನ್ನು ಬಿಚ್ಚಬೇಡಿರಿ, ಒಳಗಿನ ಸಾಮಗ್ರಿಗಳನ್ನು ಕದಲಿಸಿದರೆ ಅಮೂಲ್ಯವಾದ ಮಾಹಿತಿ ನಷ್ಟವಾಗುವುದು, ಕೆಲವು ಉಪಕರಣಗಳಲ್ಲಿ ಅಪಾಯಕರವಾದ ವಿದ್ಯುತ್ತು ಇರಬಹುದು, ಪೊಲೀಸ್ ಠಾಣೆಗೆ ಸುದ್ದಿ ಮುಟ್ಟಿಸಿರಿ, ಇದ್ದುದನ್ನು ಇದ್ದಂತೆಯೇ ಒಪ್ಪಿಸಿದವರಿಗೆ ತಕ್ಕ ಬಹುಮಾನ ಉಂಟು ಎಂಬುದು ಅದರ ತಾತ್ಪರ್ಯ. 2025ರ ಜನವರಿ ತಿಂಗಳಿನಲ್ಲಿ ಚಿಂಚೋಳಿಗೆ ನೆರೆಯದಾದ ಹುಮನಾಬಾದ ತಾಲ್ಲೂಕಿನ ಜಲಸಂಗಿ ಗ್ರಾಮದಲ್ಲಿ ಇಂಥ ಬಲೂನೊಂದು ಬೆಳಗಿನ ಜಾವ ಮನೆಯೊಂದರ ಮೇಲೆಯೇ ಬಂದಿಳಿದು ಊರಿಗೆ ಊರೇ ನೆರೆಯುವಂತೆ ಮಾಡಿತು. ಜಲಸಂಗಿಯ ಹೆಸರು ಕೇಳಿದೊಡನೆ ಶಿಲ್ಪರಸಿಕರಿಗೆ ನೆನಪಾಗುವುದು, ಅಲ್ಲಿಯ ಚಾಲುಕ್ಯ ದೇವಾಲಯದ ಹೊರಗೋಡೆಯಲ್ಲಿ ನಿಂತು ವಿಕ್ರಮಾದಿತ್ಯನ ಕೀರ್ತಿಯನ್ನು ಕಲ್ಲಿನ ಮೇಲೆ ಬರೆಯುತ್ತಿರುವ ಶಿಲಾಬಾಲಿಕೆ. ಆ ಸುಂದರಿಯ ಊರಿಗೆ ಆಕಾಶದಿಂದ ಬಂದ ಅತಿಥಿಯೂ ಒಂದು ಬಗೆಯ ಲೇಖಕನೇ ಆಗಿದ್ದನೆಂದು ವಿನೋದಕ್ಕಾಗಿ ಹೇಳಬಹುದು.

ಇಷ್ಟೆಲ್ಲ ಪ್ರಯಾಸಪಟ್ಟು ಉಪಕರಣವನ್ನು ಮೇಲಕ್ಕೆ ಒಯ್ಯಬೇಕಾದುದು ಯಾತಕ್ಕೆ? ಗಾಮಾ ಕಿರಣವೆಂಬುದು ಜಾತಿಯಿಂದ ಬೆಳಕೇ. ಕಣ್ಣಿಗೆ ಕಾಣತಕ್ಕ ಬೆಳಕಿನ ಒಂದು ಕಣದಲ್ಲಿ ಎರಡು ಮೂರು ಎಲೆಕ್ಟ್ರಾನ್‌ವೋಲ್ಟಿನಷ್ಟು ಶಕ್ತಿಯಿದ್ದರೆ, ಗಾಮಾ ಕಿರಣದ ಒಂದೊಂದು ಕಣದಲ್ಲಿ ಲಕ್ಷದಿಂದ ಮೊದಲ್ಗೊಂಡು ಶತಕೋಟಿಯನ್ನು ಮೀರುವ ವರೆಗೆ ಎಲೆಕ್ಟ್ರಾನ್‌ವೋಲ್ಟುಗಳ ಶಕ್ತಿ ಅಡಗಿರುತ್ತದೆ. ಅಷ್ಟು ಪ್ರಬಲವಾದುದು ಏನನ್ನಾದರೂ ಭೇದಿಸಿಕೊಂಡು ಬಂದೀತೆಂದು ಭಾವಿಸುವುದು ಸಹಜ. ಆದರೆ ನಮ್ಮ ವಾಯುಮಂಡಲವು ತೋರಿಕೆಗೆ ಹಗುರವಾದರೂ ತೂಕದಲ್ಲಿ ಕಡಮೆಯದಲ್ಲ. ನೆಲದ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಒಂದು ಕಿಲೋಗ್ರಾಮಿಗೆ ತುಸು ಹೆಚ್ಚಾದಷ್ಟು ಗಾಳಿಯ ಭಾರವಿದೆ. ಶಹಾಬಾದದ ಖಣಿಗಳಿಂದ ತೆಗೆದ, ಒಂದೂವರೆ ಅಂಗುಲ ದಪ್ಪದ ಫರಸಿಗಳನ್ನು ಒಂದರ ಮೇಲೊಂದರಂತೆ ನೂರು ಅಟ್ಟಿ ಹೇರಿದರೆ ನಾಲ್ಕು ಮೀಟರಿನ ಸಮೀಪಕ್ಕೆ ಬರುವುದಷ್ಟೆ? ನಮ್ಮ ತಲೆಯ ಮೇಲಿರುವ ಗಾಳಿಯ ಭಾರವು ಆ ಕಲ್ಲಿನ ರಾಶಿಯ ಭಾರಕ್ಕೆ ಸರಿಸಮಾನ, ಮತ್ತು ಗಾಮಾ ಕಿರಣವನ್ನು ತಡೆಯುವ ಕಾರ್ಯದಲ್ಲಿಯೂ ಅದು ಆ ರಾಶಿಗೆ ಹೆಚ್ಚು ಕಡಮೆ ಸಮನೇ. ನಲವತ್ತು ಕಿಲೋಮೀಟರ್ ಮೇಲೇರಿದರೆ ಈ ನೂರು ಫರಸಿಗಳಲ್ಲಿ ಒಂದರ ತೆಳುವಾದ ಸೀಳು ಮಾತ್ರ ಮೇಲೆ ಉಳಿದಿರುವುದು. ಬಲೂನಿನ ಪ್ರಯೋಜನ ಇಷ್ಟೇ, ಆದರೆ ಇಷ್ಟು ಸಾಮಾನ್ಯವಲ್ಲ. ಜೀವಿಗಳ ಪಾಲಿಗೆ ಈ ತಡೆ ಪರಮಾನುಗ್ರಹ. ಖಗೋಳಜ್ಞನ ಪಾಲಿಗೆ ಮಾತ್ರ ಅದು ಮುಚ್ಚಿದ ಬಾಗಿಲು.

ನಮ್ಮ ಅಕ್ಷಾಂಶದ ಆಕಾಶಕ್ಕೆ ಇನ್ನೂ ಒಂದು ಸ್ವಾಭಾವಿಕ ಅನುಕೂಲವಿದೆ. ಅಂತರಿಕ್ಷದಿಂದ ನಿರಂತರವಾಗಿ ಸುರಿಯುವ ವಿದ್ಯುದಾವಿಷ್ಟ ವಿಶ್ವಕಿರಣಗಳು ಉಪಕರಣದ ಲೋಹವನ್ನು ತಾಗಿ ಅಲ್ಲಿಯೇ ಗಾಮಾ ಕಿರಣಗಳನ್ನು ಹುಟ್ಟಿಸಿ, ದೂರದ ತಾರೆಯಿಂದ ಬಂದ ಸಾಕ್ಷಿಯಾವುದು, ಮನೆಯೊಳಗೆ ಹುಟ್ಟಿದ ಗದ್ದಲವಾವುದು ಎಂಬುದನ್ನು ತಿಳಿಯಗೊಡುವುದಿಲ್ಲ. ಭೂಮಿಯ ಕಾಂತಕ್ಷೇತ್ರವು ಭೂಕಾಂತೀಯ ಸಮಭಾಜಕದ ಬಳಿಯಲ್ಲಿ ಈ ಕಣಗಳಿಗೆ ಅತ್ಯಂತ ಬಲವಾದ ತಡೆಯನ್ನೊಡ್ಡುತ್ತದೆ. ಹೈದರಾಬಾದಿನ ಮೇಲೆ ಸುಮಾರು ಹದಿನೇಳು ಶತಕೋಟಿ ವೋಲ್ಟಿಗಿಂತ ಕೆಳಗಿನವು ಹತ್ತಿರ ಸುಳಿಯಲಾರವು. ಈ ಗುಣವನ್ನು ಮನಗಂಡೇ ಅಮೆರಿಕೆಯ ರಾಬರ್ಟ್ ಮಿಲಿಕನ್ 1939-40ರ ಸುಮಾರಿನಲ್ಲಿ ಬೆಂಗಳೂರಿಗೂ ಬಂದು ವಿಶ್ವಕಿರಣಗಳನ್ನಳೆಯುವ ಬಲೂನುಗಳನ್ನು ಹಾರಿಸಿದನು. ಅಲ್ಲಿಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಯುದ್ಧಕಾಲವನ್ನು ಕಳೆದ ಹೋಮಿ ಭಾಭಾ ಅವರು ಈ ವಿದ್ಯೆಯನ್ನು ಬೇರೂರಿಸಿದರು. ನಂಜನಗೂಡಿನಲ್ಲಿ 1925ರಲ್ಲಿ ಜನಿಸಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕಲಿತು, 1948ರಲ್ಲಿ ಭಾಭಾ ಅವರ ಟಾಟಾ ಸಂಸ್ಥೆಯನ್ನು ಸೇರಿದ ಬಿ. ವಿ. ಶ್ರೀಕಂಠನ್ ಅವರು ಮೊದಲು ವಿಶ್ವಕಿರಣಗಳನ್ನು ಹುಡುಕಿಕೊಂಡು ಕೋಲಾರದ ಚಿನ್ನದ ಗಣಿಗಳ ಆಳಕ್ಕೆ ಇಳಿದವರು. ತರುವಾಯ ಅದೇ ಪರಂಪರೆಯ ಜನ ಬಲೂನುಗಳ ಮೂಲಕ ಮೇಲಕ್ಕೂ ಏರಿದರು. 1968ರಲ್ಲಿ ಹೈದರಾಬಾದಿನಿಂದ ಏರಿದ ಬಲೂನು ವೃಶ್ಚಿಕ ರಾಶಿಯ ಕ್ಷ-ಕಿರಣ ಮೂಲವೊಂದನ್ನು ಅಳೆದು ತಂದಿತು. ಪಾತಾಳವನ್ನೂ ಅಂತರಿಕ್ಷವನ್ನೂ ಒಂದೇ ಜಿಜ್ಞಾಸೆಯಿಂದ ಶೋಧಿಸಿದ ಈ ಪೀಳಿಗೆಯ ಕಥೆಯನ್ನು ಕನ್ನಡದಲ್ಲಿ ಯಾರಾದರೂ ವಿಸ್ತಾರವಾಗಿ ಬರೆಯಬೇಕಾಗಿದೆ.

ಬಲೂನಿಗೆ ಮಿತಿಯುಂಟು: ಅದು ಗಂಟೆಗಳ ಬಾಳಿನದು, ಮತ್ತು ಆಕಾಶದ ಮುಖ್ಯ ಘಟನೆಗಳು ಅದು ಹಾರುವ ರಾತ್ರಿಗಾಗಿ ಕಾಯುವುದಿಲ್ಲ. ಇದು ಸ್ಪಷ್ಟವಾದುದು ಒಂದು ಅನಿರೀಕ್ಷಿತ ಪ್ರಸಂಗದಿಂದ. ಗುಟ್ಟಾಗಿ ನಡೆಯಬಹುದಾದ ಅಣುಸ್ಫೋಟಗಳ ಮೇಲೆ ಕಣ್ಣಿಡಲೆಂದು ಅಮೆರಿಕವು ಹಾರಿಸಿದ್ದ ವೇಲಾ ಎಂಬ ಉಪಗ್ರಹಗಳು 1967ರ ಜುಲೈ 2ರಂದು ಗಾಮಾ ಕಿರಣಗಳ ಒಂದು ಕ್ಷಣಿಕ ಭುಗಿಲನ್ನು ದಾಖಲಿಸಿದವು. ಅದು ಭೂಮಿಯದೂ ಅಲ್ಲ, ಸೂರ್ಯನದೂ ಅಲ್ಲವೆಂಬುದು ನಿಶ್ಚಯವಾಗಿ ಲೋಕಕ್ಕೆ ಪ್ರಕಟವಾದುದು 1973ರಲ್ಲಿ. ಬೃಹತ್ತಾರೆಯೊಂದು ಕುಸಿದು ಕಪ್ಪುಕುಳಿಯಾಗುವಾಗ, ಇಲ್ಲವೆ ಎರಡು ನ್ಯೂಟ್ರಾನ್ ತಾರೆಗಳು ಡಿಕ್ಕಿಯಾಗಿ ಒಂದಾಗುವಾಗ ಚಿಮ್ಮುವ ಈ ಸ್ಫೋಟಗಳು ಇಂದು ದಿನಕ್ಕೊಂದರಂತೆ ಆಕಾಶದ ಯಾವುದಾದರೊಂದು ಮೂಲೆಯಲ್ಲಿ ಕಾಣಿಸಿಕೊಳ್ಳುತ್ತವೆ. ಕೆಲವು ಒಂದು ಸೆಕೆಂಡೂ ನಿಲ್ಲುವುದಿಲ್ಲ. ಎಡಬಿಡದೆ ಎಚ್ಚರವಾಗಿರಬಲ್ಲ ಉಪಗ್ರಹವೇ ಇವಕ್ಕೆ ತಕ್ಕ ಪ್ರೇಕ್ಷಕ.

ಭಾರತವು ಈ ಪಾಠವನ್ನು ಬೇಗನೆ ಕಲಿಯಿತು. ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ, ಸ್ವತಃ ವಿಶ್ವಕಿರಣಗಳ ವಿದ್ವಾಂಸರಾಗಿದ್ದ ಯು. ಆರ್. ರಾವ್ ಅವರ ನೇತೃತ್ವದಲ್ಲಿ, ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಸಿದ್ಧವಾಗಿ 1975ರ ಏಪ್ರಿಲ್ 19ರಂದು ಮೇಲೇರಿದ ಆರ್ಯಭಟವು ತನ್ನ ಗರ್ಭದಲ್ಲಿ ಕ್ಷ-ಕಿರಣ ಖಗೋಳದ ಉಪಕರಣವನ್ನೂ, ಸೂರ್ಯನ ನ್ಯೂಟ್ರಾನು ಮತ್ತು ಗಾಮಾ ಕಿರಣಗಳನ್ನು ಹಿಡಿಯತಕ್ಕ ಉಪಕರಣವನ್ನೂ ಹೊತ್ತಿತ್ತು. ವಿದ್ಯುತ್ ಪೂರೈಕೆ ಕೈಕೊಟ್ಟು ನಾಲ್ಕೈದು ದಿನಗಳಲ್ಲಿಯೇ ಆ ಪ್ರಯೋಗಗಳು ನಿಂತುಹೋದವು. ಮುಂದೆ ರೋಹಿಣಿ ಸರಣಿಯ ಉಪಗ್ರಹಗಳಲ್ಲಿ ಬೆಂಗಳೂರಿನ ಉಪಗ್ರಹ ಕೇಂದ್ರವೇ ಗಾಮಾ ಸ್ಫೋಟಗಳ ಶೋಧಕವನ್ನು ಅಳವಡಿಸಿತು. 1987 ಮತ್ತು 1988ರಲ್ಲಿ ರಾಕೆಟ್ಟುಗಳೇ ವಿಫಲವಾಗಿ ಉಪಕರಣಗಳು ಸಮುದ್ರದ ಪಾಲಾದವು. 1992ರಲ್ಲಿ ಅರ್ಧ ಫಲ, 1994ರ ಮೇ 4ರಂದು ಹಾರಿದ ನಾಲ್ಕನೆಯದಕ್ಕೆ ಮಾತ್ರ ನಿಜವಾದ ದೀರ್ಘಾಯುಷ್ಯ ಲಭಿಸಿತು. ಆ ಪ್ರಯೋಗದಲ್ಲಿ ಪಾಲುಗೊಂಡವರಲ್ಲಿ ಕೆ. ಕಸ್ತೂರಿರಂಗನ್ ಅವರೂ ಒಬ್ಬರೆಂಬುದು, ಅವರನ್ನು ಆಡಳಿತಗಾರರೆಂದಷ್ಟೇ ಬಲ್ಲವರಿಗೆ ವಿಸ್ಮಯವನ್ನುಂಟುಮಾಡಬಹುದು. ಎರಡು ಸಲ ಸಮುದ್ರಕ್ಕೆ ಬಿದ್ದುದನ್ನು ಮೂರನೆಯ ಸಲ ಕಟ್ಟುವ ಹಟ ಈ ವಿದ್ಯೆಯ ಮೊದಲ ಬಂಡವಾಳ.

ಈ ಹಟದ ಫಲವೇ 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟೆಯಿಂದ ಮೇಲೇರಿದ ಆಸ್ಟ್ರೋಸ್ಯಾಟ್. ಅದರ ಐದು ಉಪಕರಣಗಳಲ್ಲಿ ಒಂದು, ಕ್ಯಾಡ್ಮಿಯಂ, ಸತು ಮತ್ತು ಟೆಲ್ಯೂರಿಯಂಗಳ ಸಂಯುಕ್ತ ಸ್ಫಟಿಕದಿಂದ ಮಾಡಿದ ಶೋಧಕ. ಅದರ ಮುಖ್ಯ ಉದ್ದೇಶ ಬೇರೆಯಿದ್ದರೂ ಗಾಮಾ ಸ್ಫೋಟಗಳನ್ನು ಹಿಡಿಯುವುದರಲ್ಲಿ ಅದು ತೋರಿದ ಚಾತುರ್ಯ ನಿರೀಕ್ಷೆಯನ್ನು ಮೀರಿದುದು. 2022ರಲ್ಲಿ ಐನೂರನೆಯ ಸ್ಫೋಟವನ್ನೂ ಮರುವರ್ಷ ಆರುನೂರನೆಯದನ್ನೂ ಅದು ಕಂಡಿತು. 2017ರಲ್ಲಿ ಪ್ರಕಟವಾದ ಅದರ ಇನ್ನೊಂದು ಸಾಧನೆ, ಏಡಿ ನೀಹಾರಿಕೆಯಿಂದ ಬರುವ ಉಗ್ರ ಕ್ಷ-ಕಿರಣಗಳ ಧ್ರುವೀಕರಣವನ್ನು, ಆ ನೀಹಾರಿಕೆಯ ಹೃದಯದಲ್ಲಿ ಸೆಕೆಂಡಿಗೆ ಮೂವತ್ತು ಸಲ ಸುತ್ತುವ ತಾರೆಯ ಸುತ್ತಿನ ಬೇರೆಬೇರೆ ಹಂತಗಳಲ್ಲಿ ಪ್ರತ್ಯೇಕವಾಗಿ ಅಳೆದುದು.

ಏಡಿ ನೀಹಾರಿಕೆಯನ್ನು ಕುರಿತು ಇಲ್ಲಿ ಒಂದು ಮಾತು. ಗಾಮಾ ಕಿರಣ ವಿಜ್ಞಾನಿಗಳು ತಮ್ಮ ಉಪಕರಣಗಳನ್ನು ಒರೆಗೆ ಹಚ್ಚುವುದು ಇದೇ ನೀಹಾರಿಕೆಯ ಬೆಳಕಿನಲ್ಲಿ. ಸುಮಾರು ಆರೂವರೆ ಸಾವಿರ ಜ್ಯೋತಿರ್ವರ್ಷಗಳ ದೂರದಲ್ಲಿ ಸಿಡಿದ ಆ ತಾರೆಯ ಪ್ರಭೆ ಭೂಮಿಯನ್ನು ಮುಟ್ಟಿದುದು 1054ರ ಜುಲೈಯಲ್ಲಿ. ಹಗಲಿನಲ್ಲಿಯೂ ಇಪ್ಪತ್ತಮೂರು ದಿನ ಅದು ಕಂಡಿತೆಂದು ಚೀನದ ಆಸ್ಥಾನ ಜ್ಯೋತಿಷಿಗಳು ಬರೆದಿಟ್ಟರು. ಆಗ ಇಲ್ಲಿ ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರನ ಆಳಿಕೆ. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಒಂದು ಘಟಿಕಾಸ್ಥಾನವಿದ್ದಿತು; ಆ ಪ್ರಭೆ ಕಂಡ ನಾಲ್ಕು ವರ್ಷಗಳ ತರುವಾಯ, 1058ರಲ್ಲಿ ಹೊರಟ ಶಾಸನವು ಅಲ್ಲಿ ವೇದವನ್ನೋದುವ ಇನ್ನೂರು ವಿದ್ಯಾರ್ಥಿಗಳಿಗೂ, ಶಾಸ್ತ್ರಾಭ್ಯಾಸಿಗಳಿಗೂ, ಉಪಾಧ್ಯಾಯರಿಗೂ, ಇವರಲ್ಲದೆ ಆರು ಮಂದಿ ಸರಸ್ವತೀ ಭಂಡಾರಿಗಳಿಗೂ ದಂಡನಾಯಕನೊಬ್ಬನು ಭೂಮಿಯನ್ನು ಬಿಟ್ಟುಕೊಟ್ಟ ವಿವರವನ್ನು ಹೇಳುತ್ತದೆ. ಹೊಸ ತಾರೆಯ ಪ್ರಸ್ತಾಪ ಅದರಲ್ಲಿಲ್ಲ. ದಾನಶಾಸನದಲ್ಲಿ ಅದನ್ನು ನಿರೀಕ್ಷಿಸುವುದೂ ನ್ಯಾಯವಲ್ಲ. ಜುಲೈ ತಿಂಗಳಿನಲ್ಲಿ ಈ ಸೀಮೆಯ ಆಕಾಶ ಹೆಚ್ಚಾಗಿ ಮೋಡದ ವಶ. ಆದರೂ ಓದುವವನಷ್ಟೇ ಅಲ್ಲ, ಓಲೆಗಳನ್ನು ಕಾಪಾಡುವವನೂ ಸಂಬಳಕ್ಕೆ ಅರ್ಹನೆಂದು ಬಗೆದ ಆ ದಂಡನಾಯಕನ ಏರ್ಪಾಡಿಗೂ, ಮುಂದೆ ಹೇಳಲಿರುವ ವಿಷಯಕ್ಕೂ ಸಂಬಂಧವಿದೆ.

ವಿಷಯವೇನೆಂದರೆ, ಇಂದು ಗಾಮಾ ಕಿರಣಗಳ ಆಕಾಶವನ್ನು ಕಾಯುತ್ತಿರುವ ಉಪಗ್ರಹಗಳಲ್ಲಿ ಹೆಚ್ಚಿನವು ವೃದ್ಧಾಪ್ಯದಲ್ಲಿವೆ, ಕೆಲವು ಈಗಾಗಲೇ ಮರೆಯಾಗಿವೆ. 2007ರ ಏಪ್ರಿಲಿನಲ್ಲಿ ನಮ್ಮದೇ ಪಿ.ಎಸ್.ಎಲ್.ವಿ. ರಾಕೆಟ್ಟು ಶ್ರೀಹರಿಕೋಟೆಯಿಂದ ಮೇಲಕ್ಕೊಯ್ದ ಇಟಲಿಯ ಆಜಿಲೆ 2024ರ ಫೆಬ್ರುವರಿಯಲ್ಲಿ ವಾಯುಮಂಡಲಕ್ಕೆ ಮರಳಿ ಭಸ್ಮವಾಯಿತು. 2002ರಲ್ಲಿ ಹಾರಿದ ಯುರೋಪಿನ ಇಂಟಿಗ್ರಲ್ 2025ರ ಫೆಬ್ರುವರಿ ಕೊನೆಗೆ ವೀಕ್ಷಣೆಯನ್ನು ನಿಲ್ಲಿಸಿತು. 2004ರ ಸ್ವಿಫ್ಟ್ ಉಪಗ್ರಹದ ಕಕ್ಷೆ ಸೂರ್ಯನ ಉಗ್ರತೆಯಿಂದ ಉಬ್ಬಿದ ವಾಯುಮಂಡಲದ ಘರ್ಷಣೆಗೆ ಸಿಕ್ಕಿ ಕುಸಿಯತೊಡಗಿದಾಗ, ಅದನ್ನು ಹಿಡಿದು ಮೇಲೆತ್ತಬಲ್ಲ ನೌಕೆಯೊಂದನ್ನು ಸಿದ್ಧಪಡಿಸುವ ಕೆಲಸವನ್ನು ನಾಸಾ 2025ರಲ್ಲಿ ಖಾಸಗಿ ಸಂಸ್ಥೆಯೊಂದಕ್ಕೆ ವಹಿಸಿತು. ಇವೆಲ್ಲವುಗಳಲ್ಲಿ ದೊಡ್ಡದಾದ ಫರ್ಮಿ, 2008ರ ಜೂನ್ 11ರಂದು ಹಾರಿದುದು. ಹತ್ತು ವರ್ಷಗಳ ಗುರಿಯನ್ನಿಟ್ಟುಕೊಂಡಿದ್ದ ಅದು ಆ ಅವಧಿಯನ್ನು ದಾಟಿ ಬಹಳ ಕಾಲವಾಯಿತು, ಮತ್ತು 2018ರಿಂದ ಅದರ ಸೌರಫಲಕಗಳಲ್ಲಿ ಒಂದು ತಿರುಗದೆ ನಿಂತಿದೆ. ಕೋಟಿಯಿಂದ ಸಾವಿರಾರು ಕೋಟಿ ಎಲೆಕ್ಟ್ರಾನ್‌ವೋಲ್ಟುಗಳ ವ್ಯಾಪ್ತಿಯಲ್ಲಿ ಏಳು ಸಾವಿರಕ್ಕೂ ಮೀರಿದ ಮೂಲಗಳನ್ನು ಪಟ್ಟಿಮಾಡಿ ಕೊಟ್ಟ, ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ಸ್ಫೋಟಗಳನ್ನು ಜಗತ್ತಿಗೆ ಕೂಗಿ ತಿಳಿಸುವ ಈ ಯಂತ್ರಕ್ಕೆ ಸಮಾನವಾದ ಉತ್ತರಾಧಿಕಾರಿಯನ್ನು ನಾಸಾ ಇನ್ನೂ ನೇಮಿಸಿಲ್ಲ.

ಇಂಥ ತೆರಪು ಹಿಂದೆಯೂ ಒಮ್ಮೆ ಬಂದಿತ್ತು. 1991ರಲ್ಲಿ ಹಾರಿದ ಕಾಂಪ್ಟನ್ ವೀಕ್ಷಣಾಲಯವನ್ನು, ಅದರ ದಿಕ್ಸ್ಥಾಪಕ ಯಂತ್ರಗಳಲ್ಲೊಂದು ಕೆಟ್ಟುದರಿಂದ, 2000ದ ಜೂನ್ 4ರಂದು ಬೇಕೆಂದೇ ಶಾಂತಸಾಗರಕ್ಕೆ ಇಳಿಸಲಾಯಿತು. ತರುವಾಯ ಆಜಿಲೆ ಮೇಲೇರುವ ತನಕ ಸುಮಾರು ಏಳು ವರ್ಷ, ಮಹಾಶಕ್ತಿಯ ಗಾಮಾ ಕಿರಣಗಳಲ್ಲಿ ಆಕಾಶವನ್ನು ನೋಡತಕ್ಕ ಕಣ್ಣೇ ಇರಲಿಲ್ಲ. ಆ ಏಳು ವರ್ಷಗಳಲ್ಲಿ ಆ ವ್ಯಾಪ್ತಿಯಲ್ಲಿ ಏನೇನು ಮಿಂಚಿ ಆರಿತೋ ಅದು ಮನುಷ್ಯನ ಜ್ಞಾನಕ್ಕೆ ಎಂದೆಂದಿಗೂ ದಕ್ಕದು. ಗ್ರಂಥವನ್ನು ಮತ್ತೆ ಪ್ರತಿಮಾಡಬಹುದು. ಸ್ಫೋಟವನ್ನು ಮತ್ತೆ ಕರೆಯಲಾಗದು. 2022ರ ಅಕ್ಟೋಬರ್ 9ರಂದು ಸುಮಾರು ಇನ್ನೂರು ಕೋಟಿ ಜ್ಯೋತಿರ್ವರ್ಷಗಳ ಆಚೆಯಿಂದ ಬಂದು, ಉಪಕರಣಗಳ ಅಳತೆಯನ್ನೇ ಮೀರಿ ಅವನ್ನು ತಬ್ಬಿಬ್ಬುಗೊಳಿಸಿದ ಸ್ಫೋಟವು ಹತ್ತು ಸಾವಿರ ವರ್ಷಗಳಿಗೊಮ್ಮೆ ಕಾಣಬಹುದಾದುದೆಂದು ತಜ್ಞರ ಅಂದಾಜು; ಅದು ಇಂಥದೊಂದು ತೆರಪಿನಲ್ಲಿ ಬಂದಿದ್ದರೆ ನಮಗೆ ಸಿಕ್ಕುತ್ತಿದ್ದುದು ಅದರ ಬೂದಿ ಮಾತ್ರ. ಆದಕಾರಣ ಭವಿಷ್ಯದ ಯೋಜನೆಯೆಂಬುದು ಇಲ್ಲಿ ಮುಖ್ಯವಾಗಿ ಪಾಳಿಯ ಪ್ರಶ್ನೆ. ಹೊಸ ಉಪಕರಣದ ಕಲ್ಪನೆ ಎಷ್ಟೇ ಭವ್ಯವಾಗಿರಲಿ, ಒಬ್ಬ ಕಾವಲುಗಾರ ಇಳಿಯುವ ಮುನ್ನ ಇನ್ನೊಬ್ಬ ಏರಿರಬೇಕೆಂಬ ನಿಯಮಕ್ಕೆ ಅದು ಅಧೀನವಾಗತಕ್ಕದ್ದೆಂಬುದು ನನ್ನ ಅಭಿಪ್ರಾಯ. ದೊಡ್ಡ ಯೋಜನೆಗಳ ಮೋಹದಲ್ಲಿ ಈ ಸರಳ ನಿಯಮ ಮರೆತುಹೋಗುವುದುಂಟು.

ಕಾಲದ ತೆರಪಿನಂತೆಯೇ ಶಕ್ತಿಯ ತೆರಪೂ ಒಂದಿದೆ. ಫರ್ಮಿಯ ಪಟ್ಟಿಯಲ್ಲಿ ಏಳು ಸಾವಿರ ಮೂಲಗಳಿರುವಲ್ಲಿ, ಅದಕ್ಕಿಂತ ಕೆಳಗಿನ, ಹತ್ತು ಲಕ್ಷ ಎಲೆಕ್ಟ್ರಾನ್‌ವೋಲ್ಟುಗಳ ಆಸುಪಾಸಿನ ವ್ಯಾಪ್ತಿಯಲ್ಲಿ ಕಾಂಪ್ಟನ್ ವೀಕ್ಷಣಾಲಯವು ಕೊಟ್ಟ ಸ್ಥಿರ ಮೂಲಗಳ ಸಂಖ್ಯೆ ಮೂವತ್ತೆರಡು. ಆಕಾಶ ಅಲ್ಲಿ ಬಡವಾಗಿರುವುದರಿಂದ ಹೀಗಾದುದಲ್ಲ. ಹಿಡಿಯುವ ಕೆಲಸ ಅಷ್ಟು ಕಠಿನವಾದುದರಿಂದ. ಈ ಶಕ್ತಿಯ ಕಿರಣವನ್ನು ಕನ್ನಡಿ ಬಗ್ಗಿಸಲಾರದು, ಮಸೂರ ಕೂಡಿಸಲಾರದು. ಶೋಧಕವನ್ನು ಹೊಕ್ಕ ಕಣವು ಅಲ್ಲಿಯ ಎಲೆಕ್ಟ್ರಾನೊಂದನ್ನು ತಾಗಿ ತನ್ನ ಶಕ್ತಿಯ ಒಂದಂಶವನ್ನು ಅದಕ್ಕೆ ಕೊಟ್ಟು, ಓರೆಯಾಗಿ ಜಿಗಿದು, ಇನ್ನೊಂದೆಡೆ ತಾಗಿ ಅಡಗುತ್ತದೆ. ಎರಡು ತಾಗುಗಳ ಸ್ಥಾನವನ್ನೂ ಎರಡರಲ್ಲಿಯೂ ಉಳಿದ ಶಕ್ತಿಯನ್ನೂ ನಿಖರವಾಗಿ ಅಳೆದರೆ, ಕಣವು ಎಷ್ಟು ಕೋನದಲ್ಲಿ ತಿರುಗಿತೆಂಬುದು ಲೆಕ್ಕಕ್ಕೆ ಬರುತ್ತದೆ. ಆದರೆ ಅದು ಬಂದ ದಿಕ್ಕು ಆಕಾಶದಲ್ಲಿ ಒಂದು ಬಿಂದುವಾಗಿ ದೊರೆಯದೆ ಒಂದು ವರ್ತುಲವಾಗಿ ಮಾತ್ರ ದೊರೆಯುತ್ತದೆ. ಇಂಥ ಸಾವಿರಾರು ವರ್ತುಲಗಳು ಒಂದನ್ನೊಂದು ಕತ್ತರಿಸುವ ಎಡೆಯಲ್ಲಿ ಮೂಲವನ್ನು ಗುರುತಿಸಬೇಕು. ಇದರ ಮೇ‌ಲೆ, ವಿಶ್ವಕಿರಣಗಳ ಹೊಡೆತದಿಂದ ಉಪಗ್ರಹದ ಲೋಹವೇ ವಿಕಿರಣಶೀಲವಾಗಿ ಅದೇ ಶಕ್ತಿಯ ಕಿರಣಗಳನ್ನು ಸೂಸತೊಡಗುತ್ತದೆ.

ಇಷ್ಟು ಕಷ್ಟಪಟ್ಟು ಅಲ್ಲಿ ನೋಡಬೇಕಾದುದೇನು? ಮೂಲಧಾತುಗಳ ಹುಟ್ಟುಮನೆ ಇರುವುದೇ ಈ ವ್ಯಾಪ್ತಿಯಲ್ಲಿ. ಪರಮಾಣುವಿನ ಬೀಜವೊಂದು ಕ್ಷಯಿಸುವಾಗ ಹೊರಡುವ ಗಾಮಾ ಕಿರಣದ ಶಕ್ತಿ ಆಯಾ ಬೀಜಕ್ಕೇ ವಿಶಿಷ್ಟವಾದುದು. ಹದಿನೆಂಟು ಲಕ್ಷದ ಒಂಬತ್ತು ಸಾವಿರ ಎಲೆಕ್ಟ್ರಾನ್‌ವೋಲ್ಟಿನ ಕಿರಣ ಕಂಡರೆ ಅಲ್ಲಿ ಇಪ್ಪತ್ತಾರು ಭಾರದ ಅಲ್ಯೂಮಿನಿಯಂ ಇದೆಯೆಂದೇ ಅರ್ಥ. ಈ ಅಲ್ಯೂಮಿನಿಯಮ್ಮಿನ ಅರ್ಧಾಯು ಸುಮಾರು ಏಳು ಲಕ್ಷ ವರ್ಷ. ಆಕಾಶಗಂಗೆಯ ವಯಸ್ಸಿನ ಮುಂದೆ ಇದು ನಿಮಿಷಮಾತ್ರ. ಆದುದರಿಂದ ಇಂದು ಕಾಣುವ ಈ ಧಾತು ಇತ್ತೀಚೆಗೆ, ನಕ್ಷತ್ರಗಳ ಒಲೆಯಲ್ಲಿ, ಹೊಸದಾಗಿ ಬೆಂದುಬಂದುದು. ಆಕಾಶಗಂಗೆಯ ಕೇಂದ್ರದಿಂದ ಐದು ಲಕ್ಷದ ಹನ್ನೊಂದು ಸಾವಿರ ಎಲೆಕ್ಟ್ರಾನ್‌ವೋಲ್ಟಿನ ಇನ್ನೊಂದು ಪ್ರಭೆ ಸದಾ ಬರುತ್ತಿದೆ; ಎಲೆಕ್ಟ್ರಾನು ತನ್ನ ಪ್ರತಿರೂಪವಾದ ಪಾಸಿಟ್ರಾನಿನೊಡನೆ ಕೂಡಿ ಎರಡೂ ಇಲ್ಲವಾಗುವ ಗುರುತು ಅದು. ಆದರೆ ಅಷ್ಟೊಂದು ಪಾಸಿಟ್ರಾನುಗಳು ಅಲ್ಲಿಗೆ ಎಲ್ಲಿಂದ ಬಂದವೆಂಬುದು ಅರ್ಧಶತಮಾನದಿಂದ ಬಿಡಿಸಲಾಗದ ಒಗಟಾಗಿ ನಿಂತಿದೆ.

ಈ ಒಗಟಿಗೆ ಹೊರಟಿರುವ ಮುಂದಿನ ಯಾತ್ರಿಕ ನಾಸಾದ ಕೋಸಿ. ಹದಿನಾರು ಜರ್ಮೇನಿಯಂ ಶೋಧಕಗಳನ್ನು ಸೊನ್ನೆಗಿಂತ ನೂರ ಎಂಬತ್ತು ಡಿಗ್ರಿಗೂ ಕೆಳಗಿನ ಶೀತಕ್ಕೆ ಇಳಿಸಿ, ಎರಡು ಲಕ್ಷದಿಂದ ಐವತ್ತು ಲಕ್ಷ ಎಲೆಕ್ಟ್ರಾನ್‌ವೋಲ್ಟಿನ ವರೆಗೆ ನೋಡತಕ್ಕ ಈ ಉಪಗ್ರಹವನ್ನು 2021ರಲ್ಲಿ ಆರಿಸಲಾಯಿತು. 2027ರಲ್ಲಿ ಅದು ಸಮಭಾಜಕಕ್ಕೆ ಹೊಂದಿಕೊಂಡ ಕಕ್ಷೆಗೆ ಏರಬೇಕೆಂದು ಯೋಜನೆ. ಅದರ ಪೂರ್ವಚರಿತ್ರೆಯನ್ನು ಬಲೂನುಗಳ ಸೀಮೆಯವರಾದ ನಾವು ಗಮನಿಸಬೇಕು. ಕ್ಯಾಲಿಫೋರ್ನಿಯದ ಬರ್ಕ್ಲಿಯ ವಿಜ್ಞಾನಿಗಳು ಅದರ ಮೂಲರೂಪವನ್ನು 2016ರಲ್ಲಿ ನ್ಯೂಜಿಲೆಂಡಿನಿಂದ ಬಲೂನಿನಲ್ಲಿ ಹಾರಿಸಿದರು. ನಲವತ್ತಾರು ದಿನ ತೇಲಿ ಪೆರು ದೇಶದಲ್ಲಿ ಅದು ಇಳಿದಾಗ, ಯಂತ್ರದ ಗುಣದೋಷಗಳೆಲ್ಲ ಕೈಯಳತೆಯ ಖರ್ಚಿನಲ್ಲಿ ತಿಳಿದಿದ್ದವು. ಬಲೂನಿನಲ್ಲಿ ಪಳಗದ ಶೋಧಕವನ್ನು ಉಪಗ್ರಹಕ್ಕೆ ಏರಿಸುವುದು ದುಸ್ಸಾಹಸ. ಹೈದರಾಬಾದಿನ ಕೇಂದ್ರದ ಬೆಲೆ ಇಲ್ಲಿದೆ. ನಮ್ಮ ಆಸ್ಟ್ರೋಸ್ಯಾಟಿನ ಕ್ಷ-ಕಿರಣ ಶೋಧಕಗಳ ಹಿಂದೆಯೂ ಬಲೂನುಗಳ ದಶಕಗಳ ಅನುಭವ ಇದ್ದಿತು.

ಇನ್ನು ಸ್ಫೋಟಗಳ ಕಾವಲಿನ ವಿಷಯದಲ್ಲಿ ಭಾರತದ ಪ್ರಸ್ತಾವವೊಂದು ನಿಜಕ್ಕೂ ಸ್ವಾರಸ್ಯಕರ. 2017ರ ಆಗಸ್ಟ್ 17ರಂದು ಹದಿಮೂರು ಕೋಟಿ ಜ್ಯೋತಿರ್ವರ್ಷಗಳ ದೂರದ ಎರಡು ನ್ಯೂಟ್ರಾನ್ ತಾರೆಗಳ ಸಂಗಮವನ್ನು ಗುರುತ್ವ ತರಂಗಗಳ ಯಂತ್ರಗಳು ಕೇಳಿದವು; ಒಂದು ದಶಾಂಶ ಏಳು ಸೆಕೆಂಡುಗಳ ಬಳಿಕ ಫರ್ಮಿಯು ಅಲ್ಲಿಂದಲೇ ಬಂದ ಗಾಮಾ ಸ್ಫೋಟವನ್ನು ಕಂಡಿತು. ಬಂಗಾರ, ಪ್ಲಾಟಿನಂಗಳಂಥ ಭಾರಧಾತುಗಳು ಇಂಥ ಸಂಗಮದಲ್ಲಿ ಹುಟ್ಟುವುವೆಂಬುದಕ್ಕೆ ತರುವಾಯದ ವೀಕ್ಷಣೆಗಳು ಸಾಕ್ಷ್ಯವನ್ನೊದಗಿಸಿದವು. ಆ ಕ್ಷಣದಲ್ಲಿ ಆಸ್ಟ್ರೋಸ್ಯಾಟ್ ಭೂಮಿಯ ಮರೆಯಲ್ಲಿತ್ತು. ಅದು ಏನನ್ನೂ ಕಾಣಲಿಲ್ಲ. ಕಾಣದಿದ್ದುದೇ ಮೂಲವಿದ್ದ ದಿಕ್ಕನ್ನು ಕಿರಿದುಗೊಳಿಸುವುದಕ್ಕೆ ನೆರವಾಯಿತೆಂಬುದು ಸಮಾಧಾನದ ಮಾತು. ಕೆಳಗಿನ ಕಕ್ಷೆಯಲ್ಲಿ ಸುತ್ತುವ ಯಾವ ಉಪಗ್ರಹಕ್ಕಾದರೂ ಆಕಾಶದ ಮೂರನೆಯ ಒಂದು ಭಾಗದಷ್ಟನ್ನು ಭೂಮಿಯೇ ಸದಾ ಮುಚ್ಚಿರುತ್ತದೆ. ಮುಂಬಯಿಯ ಐ.ಐ.ಟಿ.ಯ ವಿಜ್ಞಾನಿಗಳು, ಟಾಟಾ ಸಂಸ್ಥೆ, ಅಹಮದಾಬಾದಿನ ಭೌತ ಸಂಶೋಧನಾಲಯ, ಪುಣೆಯ ಐಯುಕಾ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗಳ ಜೊತೆಗೂಡಿ ಮುಂದಿಟ್ಟಿರುವ ‘ದಕ್ಷ’ ಎಂಬ ಯೋಜನೆಯು ಈ ದೋಷಕ್ಕೆ ನೇರವಾದ ಪರಿಹಾರವನ್ನು ಹೇಳುತ್ತದೆ: ಒಂದೇ ಬಗೆಯ ಎರಡು ಉಪಗ್ರಹಗಳು, ಭೂಮಿಯ ಎರಡು ವಿರುದ್ಧ ಪಾರ್ಶ್ವಗಳಲ್ಲಿ, ಸಮಭಾಜಕದ ಸಮೀಪದ ಕಕ್ಷೆಯಲ್ಲಿ ಸುತ್ತುತ್ತ, ಒಂದಕ್ಕೆ ಮರೆಯಾದುದನ್ನು ಮತ್ತೊಂದು ಕಾಣುವಂತೆ ಏರ್ಪಡಿಸುವುದು. ಸಾವಿರ ಎಲೆಕ್ಟ್ರಾನ್‌ವೋಲ್ಟಿನಿಂದ ಹತ್ತು ಲಕ್ಷದ ವರೆಗೆ ಒಂದೇ ಯಂತ್ರದ ಮೂರು ಬಗೆಯ ಶೋಧಕಗಳು ನೋಡತಕ್ಕವು. ಕ್ಷ-ಕಿರಣಗಳ ಧ್ರುವೀಕರಣಕ್ಕೆಂದು ರಾಮನ್ ಸಂಸ್ಥೆಯು ಕಟ್ಟಿದ ಉಪಕರಣವು 2024ರ ಜನವರಿ 1ರಂದು ಎಕ್ಸ್‌ಪೋಸ್ಯಾಟ್ ಉಪಗ್ರಹದಲ್ಲಿ ಏರಿದುದನ್ನು ನೆನೆದರೆ, ದಕ್ಷವನ್ನು ಕಟ್ಟಬಲ್ಲ ಕೈಗಳು ನಮ್ಮಲ್ಲಿಲ್ಲವೆಂದು ಯಾರೂ ಹೇಳಲಾರರು. ಯುರೋಪಿನವರು 2023ರಲ್ಲಿ ಅಂತಿಮ ಸುತ್ತಿಗೆ ಆರಿಸಿಕೊಂಡ ಮೂರು ಯೋಜನೆಗಳಲ್ಲಿ ಸ್ಫೋಟಗಳನ್ನು ಹುಡುಕುವ ಥೀಸಿಯಸ್ ಒಂದು; ಅದು ಆಯ್ಕೆಯಾದರೂ ಹಾರುವುದು 2037ರ ಹೊತ್ತಿಗೆ. ಚೀನ ಮತ್ತು ಫ್ರಾನ್ಸುಗಳು ಕೂಡಿ ಕಟ್ಟಿದ ಸ್ವೋಮ್ 2024ರ ಜೂನಿನಲ್ಲಿಯೇ ಹಾರಿ ಕೆಲಸವನ್ನಾರಂಭಿಸಿದೆ. ನಡುವಣ ಹತ್ತು ವರ್ಷಗಳಲ್ಲಿ, ಫರ್ಮಿಯೂ ಸ್ವಿಫ್ಟೂ ಮೌನವಾದ ಮೇಲೆ, ಪಾಳಿಗೆ ನಿಲ್ಲತಕ್ಕವರು ಯಾರೆಂಬ ಪ್ರಶ್ನೆಗೆ ಭಾರತವು ಉತ್ತರವಾಗಬಹುದಾದ ಅವಕಾಶ ಇದು. ಇದನ್ನು ತಡಮಾಡಿ ಕಳೆದುಕೊಳ್ಳುವುದು ಜಾಣತನವಲ್ಲ.

ನಾಗಾವಿಯ ಸರಸ್ವತೀ ಭಂಡಾರಿಗಳನ್ನು ಇಲ್ಲಿ ಸ್ಮರಿಸಬೇಕು. ಉಪಗ್ರಹದ ಯೋಜನೆಗಳಲ್ಲಿ ರಾಕೆಟ್ಟಿಗೆ, ಶೋಧಕಕ್ಕೆ ಹಣ ಹೊಂದುವುದು ಸುಲಭ; ಬಂದ ಮಾಹಿತಿಯನ್ನು ಒರೆಹಚ್ಚಿ, ಹಳೆಯ ಉಪಕರಣದ ಅಳತೆಗೂ ಹೊಸದರ ಅಳತೆಗೂ ತಾಳೆ ನೋಡಿ, ಇಪ್ಪತ್ತು ವರ್ಷಗಳ ಮೇಲೆ ಬರುವ ಅಪರಿಚಿತ ವಿದ್ಯಾರ್ಥಿಗೂ ಅರ್ಥವಾಗುವಂತೆ ಕಾದಿರಿಸುವ ಜನಕ್ಕೆ ಸಂಬಳವನ್ನು ಗೊತ್ತುಮಾಡುವುದು ಕಷ್ಟ. ಗಾಮಾ ಕಿರಣಗಳ ವಿಷಯದಲ್ಲಿ ಈ ಜನ ಇಲ್ಲದಿದ್ದರೆ ಯಂತ್ರವಿದ್ದೂ ಇಲ್ಲದಂತೆ, ಏಕೆಂದರೆ ಶೋಧಕ ಕೊಡುವುದು ಚಿತ್ರವನ್ನಲ್ಲ, ಎಣಿಕೆಗಳನ್ನು. ಆ ಎಣಿಕೆಗಳಲ್ಲಿ ತಾರೆಯದೆಷ್ಟು, ಉಪಗ್ರಹದ ಲೋಹದ್ದೆಷ್ಟು ಎಂಬುದು ಆ ಯಂತ್ರವನ್ನು ವರ್ಷಗಟ್ಟಲೆ ಒಡನಾಡಿ ಬಲ್ಲವರಿಗೆ ಮಾತ್ರ ತಿಳಿದಿರುತ್ತದೆ. ಒಂದು ಯೋಜನೆ ಮುಗಿದು ಮತ್ತೊಂದು ತೊಡಗುವ ನಡುವೆ ಹತ್ತು ವರ್ಷ ಕಳೆದರೆ ಆ ಜನ ಬೇರೆ ಬೇರೆ ಉದ್ಯೋಗಗಳಿಗೆ ಚದುರಿಹೋಗುತ್ತಾರೆ. ಮತ್ತೆ ಒಗ್ಗೂಡಿಸುವುದು ಹೊಸ ಉಪಗ್ರಹವನ್ನು ಕಟ್ಟುವುದಕ್ಕಿಂತ ದುಬಾರಿ. ಹನ್ನೊಂದನೆಯ ಶತಮಾನದ ದಂಡನಾಯಕನಿಗೆ ಹೊಳೆದುದು ಇಪ್ಪತ್ತೊಂದನೆಯ ಶತಮಾನದ ಹಣಕಾಸು ಸಮಿತಿಗಳಿಗೆ ಸದಾ ಹೊಳೆಯುತ್ತದೆಂದು ಹೇಳಲಾರೆ.

ಈ ಭಂಡಾರಗಳು ಇಂದು ಯಾರಿಗೂ ಮುಚ್ಚಿಲ್ಲವೆಂಬುದನ್ನು ಈ ಸೀಮೆಯ ಕಾಲೇಜುಗಳ ವಿದ್ಯಾರ್ಥಿಗಳು ತಿಳಿದಿರಬೇಕು. ಫರ್ಮಿಯ ಮಾಹಿತಿ ಬಂದ ಕೆಲವು ಗಂಟೆಗಳಲ್ಲಿಯೇ ಸಾರ್ವಜನಿಕವಾಗುತ್ತದೆ. ಆಸ್ಟ್ರೋಸ್ಯಾಟಿನದು ನಿಗದಿಯಾದ ಅವಧಿ ಕಳೆದ ಬಳಿಕ ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿರುವ ದತ್ತಾಂಶ ಕೇಂದ್ರದ ಮೂಲಕ ದೊರೆಯುತ್ತದೆ. ಬಳಸುವ ತಂತ್ರಾಂಶವೂ ಉಚಿತ. ಸೇಡಂ, ಚಿತ್ತಾಪುರಗಳಲ್ಲಿ ಬಿ.ಎಸ್ಸಿ. ಓದುತ್ತಿರುವವರು ಭೌತಶಾಸ್ತ್ರವನ್ನೂ ಗಣಿತವನ್ನೂ ಗಟ್ಟಿಮಾಡಿಕೊಂಡು ಕಂಪ್ಯೂಟರಿಗೆ ಆಜ್ಞೆ ಬರೆಯುವುದನ್ನು ಕಲಿತರೆ, ಇಂದಿನ ರಾತ್ರಿಯೇ ಒಂದು ಹಳೆಯ ಸ್ಫೋಟದ ಎಣಿಕೆಗಳನ್ನು ಇಳಿಸಿಕೊಂಡು ಅದರ ಏರಿಳಿತವನ್ನು ಬಿಡಿಸಿ ನೋಡಬಹುದು. ಮುಂದಿನ ಅಧ್ಯಯನಕ್ಕೆ ಆಳಂದ ರಸ್ತೆಯ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಸಂಶೋಧನೆಗೆ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ರಾಮನ್ ಸಂಸ್ಥೆ, ಭಾರತೀಯ ಖಭೌತ ಸಂಸ್ಥೆಗಳಿವೆ. ಕೋಸಿಯ ಮೊದಲ ಮಾಹಿತಿ ಬರತೊಡಗುವ ಹೊತ್ತಿಗೆ ಅದನ್ನು ಓದಬಲ್ಲವರ ಕೊರತೆ ಲೋಕದಲ್ಲೆಲ್ಲ ಇರುವುದು. ಅರ್ಜಿ ಹಾಕುವುದಕ್ಕೆ ಇದು ಸುಸಮಯ.